ಅಲಮೋದಲ್ಲಿ ಸತ್ತವರು ಬಿಟ್ಟುಹೋದ ಆಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

1836ರ ಮಾರ್ಚ್ 6. ಇನ್ನೂ ಬೆಳಕು ಹರಿದಿರಲಿಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಅಲಮೋ ಎಂಬ ಹಳೇ ಮಿಷನ್ ಕಟ್ಟಡದ ಗೋಡೆ ಹತ್ತಿ ಮೆಕ್ಸಿಕೋದ ಸೈನಿಕರು ಒಳಗೆ ನುಗ್ಗಿದರು. ಟೆಕ್ಸಸ್ ಮೆಕ್ಸಿಕೋದಿಂದ ಬೇರೆಯಾಗಬೇಕು ಎಂದು ಬಂಡೆದ್ದು, ಅಲ್ಲಿ 13 ದಿನ ಮುತ್ತಿಗೆ ತಡೆದುಕೊಂಡಿದ್ದ ಹೋರಾಟಗಾರರು ಹೆಚ್ಚುಕಮ್ಮಿ ಎಲ್ಲರೂ ಸತ್ತರು. ಈ ಯುದ್ಧದ ಕಥೆ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹಿಡಿದಿರುವುದು ಅದರ ನಂತರದ ಕಥೆ. ಅವರ ಸಾಮಾನು ಏನಾಯಿತು, ಸಾಲ ಎಷ್ಟಿತ್ತು, ಹೆಂಡತಿ ಮಕ್ಕಳ ಕೈಗೆ ಏನು ಬಂತು, ಇದೆಲ್ಲ ಕೋರ್ಟಿನ ಕಾಗದಗಳಲ್ಲಿ ಮತ್ತು ಆಗಿನ ಪತ್ರಿಕೆಗಳ ಪ್ರಕಟಣೆಗಳಲ್ಲಿ ಉಳಿದಿದೆ. ಮಾತಿಗೆ ಕೂತಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಆಸ್ತಿ ಪಟ್ಟಿ ಅಂದರೆ ಏನು? ಉಯಿಲೇ ಅಲ್ವಾ?

ಅಲ್ಲ. ಉಯಿಲು ಬರೆಯುವವನು ಬದುಕಿರುತ್ತಾನೆ. ನನ್ನದು ಇಂಥವರಿಗೆ ಹೋಗಲಿ ಎಂದು ಅವನೇ ಹೇಳುತ್ತಾನೆ. ಆಸ್ತಿ ಪಟ್ಟಿ ಆಗುವುದು ಸತ್ತ ಮೇಲೆ, ಬೇರೆಯವರ ಕೈಯಲ್ಲಿ. ಆಸ್ತಿ ನೋಡಿಕೊಳ್ಳಲು ಕೋರ್ಟು ಒಬ್ಬನನ್ನು ನೇಮಿಸುತ್ತದೆ. ಆ ಆಸ್ತಿಯಲ್ಲಿ ಪಾಲಿಲ್ಲದ ಊರಿನ ನಾಲ್ಕು ಜನ ಬಂದು ಒಂದೊಂದೇ ವಸ್ತು ನೋಡಿ ಬೆಲೆ ಕಟ್ಟುತ್ತಾರೆ. ಸಾಲ ಕೊಟ್ಟವರು ಇದ್ದರೆ ಬನ್ನಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆಮೇಲೆ ಹರಾಜು, ಸಾಲ ತೀರಿಸುವುದು, ಉಳಿದದ್ದು ವಾರಸುದಾರರಿಗೆ.

ನಮ್ಮಲ್ಲಿ ಪೌತಿ ಖಾತೆ, ಪಾಲುಪಟ್ಟಿ ಮಾಡಿಸಿದವರಿಗೆ ಇದು ಅರ್ಥ ಆಗಲು ಕಷ್ಟ ಇಲ್ಲ. ನಮ್ಮಜ್ಜ ತೀರಿಕೊಂಡ ಮೇಲೆ ಹಿರಿಯರು ನಡುಮನೆಯಲ್ಲಿ ಕೂತು ತಾಮ್ರದ ಹಂಡೆ ಎರಡು, ಹಿತ್ತಾಳೆ ಕೊಳಗ ಒಂದು, ಕಾಲು ಮುರಿದ ಮಣೆ ಒಂದು ಎಂದು ಬರೆಸಿದ್ದು ನನಗೆ ಇನ್ನೂ ನೆನಪಿದೆ. ಆ ಮುರಿದ ಮಣೆ ಯಾಕೆ ಬರೆಸಿದರು ಅಂತ ಆಗ ಗೊತ್ತಾಗಿರಲಿಲ್ಲ. ಈಗ ಗೊತ್ತು. ಬಿಟ್ಟರೆ ನಾಳೆ ಅದಕ್ಕೇ ಜಗಳ.

ಯುದ್ಧದಲ್ಲಿ ಸತ್ತವನ ಮೈಮೇಲಿದ್ದ ಸಾಮಾನು ಪಟ್ಟಿಗೆ ಬರ್ತಿತ್ತಾ?

ಅಲಮೋದಲ್ಲಿ ಸತ್ತವರದ್ದು ಬರುವ ಹಾಗೇ ಇರಲಿಲ್ಲ. ಮೆಕ್ಸಿಕೋದ ಜನರಲ್ ಸಾಂಟಾ ಆನಾನ ಆಜ್ಞೆಯಂತೆ ಹೆಣಗಳನ್ನು ಕಟ್ಟಿಗೆಯ ಜೊತೆ ಒಟ್ಟಿ ಸುಟ್ಟರು. ಬಂದೂಕು, ಬಟ್ಟೆ, ಜೇಬಿನಲ್ಲಿದ್ದ ಚಿಲ್ಲರೆ ಎಲ್ಲ ಗೆದ್ದವರ ಪಾಲು. ಹಾಗಾಗಿ ಇವರ ಆಸ್ತಿ ಲೆಕ್ಕ ಶುರುವಾಗುವುದೇ ಕೋಟೆಯ ಹೊರಗೆ: ಬಿಟ್ಟುಬಂದ ಮನೆ, ದನ ಕುದುರೆ, ಜಮೀನಿನ ಕಾಗದ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ.

ಒಂದು ವಸ್ತು ಮಾತ್ರ ಒಳಗಿಂದ ಹೊರಗೆ ಬಂತು ಎಂದು ಹೇಳುತ್ತಾರೆ. ಕೋಟೆಯ ಕಮಾಂಡರ್ ವಿಲಿಯಂ ಬ್ಯಾರೆಟ್ ಟ್ರಾವಿಸ್ ತನ್ನ ಉಂಗುರವನ್ನು ದಾರಕ್ಕೆ ಪೋಣಿಸಿ ಏಂಜಲಿನಾ ಡಿಕಿನ್ಸನ್ ಎಂಬ ಪುಟ್ಟ ಮಗುವಿನ ಕೊರಳಿಗೆ ಹಾಕಿದ. ಮಗು, ತಾಯಿ ಇಬ್ಬರೂ ಬದುಕಿದರು. ಆ ಉಂಗುರ ಈಗಲೂ ಇದೆ.

ಅಲಮೋದಲ್ಲಿ ಸತ್ತ ಜಿಮ್ ಬೋವಿ ದೊಡ್ಡ ಶ್ರೀಮಂತ ಅಂತ ಕೇಳಿದ್ದೇವೆ. ಅವನು ಬಿಟ್ಟುಹೋದ ಆಸ್ತಿ ಎಷ್ಟು?

ಅವನ ಸಾಮಾನು ಹರಾಜಿಗೆ ಬಂದಾಗ ಹುಟ್ಟಿದ್ದು 99 ಡಾಲರ್ 50 ಸೆಂಟ್.

ಈ ಅಂಕಿ ಮೊದಲ ಸಲ ಓದಿದಾಗ ನಾನೂ ಒಂದು ಸೊನ್ನೆ ಬಿಟ್ಟುಹೋಗಿದೆ ಅಂದುಕೊಂಡೆ. ಯಾಕೆಂದರೆ ಬೋವಿ ತಾನು ಬದುಕಿದ್ದಾಗಲೇ ಇನ್ನೊಂದು ಪಟ್ಟಿ ಕೊಟ್ಟಿದ್ದ. 1831ರ ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೋದ ದೊಡ್ಡ ಮನೆತನದ ಹುಡುಗಿ ಉರ್ಸುಲಾ ವೆರಮೆಂಡಿಯನ್ನು ಮದುವೆಯಾದ. ಅಲ್ಲಿನ ರೂಢಿಯಂತೆ ಗಂಡು ಹೆಣ್ಣಿಗೆ ಇಷ್ಟು ಕೊಡುತ್ತೇನೆ ಎಂದು ಬರೆದುಕೊಡಬೇಕು. ಆ ಪತ್ರದಲ್ಲಿ ತನ್ನ ಒಟ್ಟು ಆಸ್ತಿ 2,22,800 ಡಾಲರ್ ಎಂದು ಬರೆಸಿದ. ಅರ್ಕಾನ್ಸಾದಲ್ಲಿ 60,000 ಅರ್ಪಾಂಟ್ ಜಮೀನು, ಅದರ ಬೆಲೆ 30,000 ಡಾಲರ್ ಎಂದು ತೋರಿಸಿದ. ಒಂದು ಅರ್ಪಾಂಟ್ ಅಂದರೆ ಒಂದು ಎಕರೆಗೆ ಸ್ವಲ್ಪ ಕಮ್ಮಿ. ಆದರೆ ಆ ಜಮೀನಿನ ಪತ್ರಗಳೇ ಖೋಟಾ. ಉಳಿದದ್ದರಲ್ಲಿ ಬಹುಪಾಲು ಅವರಿವರಿಂದ ಬರಬೇಕಾದ ಹಣ.

ಮದುವೆ ಆದಮೇಲೆ ಹೆಂಡತಿ ಜೊತೆ ನ್ಯೂ ಆರ್ಲಿಯನ್ಸ್ ಮತ್ತು ನಾಚೆಜ್‌ಗೆ ಹೋಗಿಬರಲು ಅವನು ಮಾವನ ಹತ್ತಿರ 1,879 ಡಾಲರ್, ಹೆಂಡತಿಯ ಅಜ್ಜಿಯ ಹತ್ತಿರ 750 ಡಾಲರ್ ಸಾಲ ಮಾಡಿದ. ಎರಡು ಲಕ್ಷದ ಒಡೆಯ ಮದುವೆಯಾದ ಹೊಸದರಲ್ಲೇ ಹೆಂಡತಿ ಮನೆಯವರ ಮುಂದೆ ಕೈಚಾಚಿದ ಅಂದರೆ ಅಲ್ಲೇ ತಿಳಿಯುತ್ತದೆ. ಮದುವೆ ಕಾಗದದಲ್ಲಿ ವಯಸ್ಸನ್ನೂ 30 ಎಂದೇ ಹೇಳಿದ್ದ. ನಿಜವಾಗಿ ಆಗ ಅವನಿಗೆ 35.

ಅಂದರೆ ಅವನ ಹತ್ತಿರ ಯಾವತ್ತೂ ದುಡ್ಡೇ ಇರಲಿಲ್ವಾ?

ಇತ್ತು. ಅದು ಬಂದ ದಾರಿ ಮಾತ್ರ ಓದಲು ಸಂಕಟ ಆಗುವಂಥದ್ದು. ಹೊರಗಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಬೋವಿ ಅಣ್ಣತಮ್ಮಂದಿರು ಕಡಲ್ಗಳ್ಳ ಜಾನ್ ಲಫೀಟ್‌ನಿಂದ ಕಳ್ಳಸಾಗಣೆಯ ಗುಲಾಮರನ್ನು ಕೊಂಡು, ತಾವೇ ಸುಂಕದ ಅಧಿಕಾರಿಗಳಿಗೆ ಸುಳಿವು ಕೊಟ್ಟು ಒಪ್ಪಿಸುತ್ತಿದ್ದರು. ಸರ್ಕಾರ ಆ ಜನರನ್ನು ಹರಾಜು ಹಾಕುತ್ತಿತ್ತು. ಸುಳಿವು ಕೊಟ್ಟವರಿಗೆ ಹರಾಜಿನ ಅರ್ಧ ಹಣ ಬಹುಮಾನ. ಅದೇ ಹರಾಜಿನಲ್ಲಿ ಇವರೇ ಕೂಗಿ ಮತ್ತೆ ಕೊಳ್ಳುತ್ತಿದ್ದರು, ಈಗ ಕಾನೂನಿನ ಕಾಗದ ಸಮೇತ. ಹೀಗೆ 65,000 ಡಾಲರ್ ಮಾಡಿದೆವು ಎಂದು ಅಣ್ಣ ಜಾನ್ ಆಮೇಲೆ ತಾನೇ ಹೇಳಿಕೊಂಡ. ಆ ದುಡ್ಡು ಜಮೀನಿನ ಸಟ್ಟಾದಲ್ಲಿ ಹೋಯಿತು.

1833ರ ಸೆಪ್ಟೆಂಬರ್‌ನಲ್ಲಿ ಮಾಂಕ್ಲೋವಾದಲ್ಲಿ ಕಾಲರಾ ಬಂದು ಉರ್ಸುಲಾ, ಅವಳ ತಂದೆ, ತಾಯಿ ಎಲ್ಲರೂ ತೀರಿಕೊಂಡರು. ಬೋವಿ ಆಗ ನಾಚೆಜ್‌ನಲ್ಲಿ ಹಳದಿ ಜ್ವರ ಬಂದು ಮಲಗಿದ್ದ. ಆ ಸುದ್ದಿ ಮುಟ್ಟುವ ಮೊದಲೇ, ಅಕ್ಟೋಬರ್‌ನಲ್ಲಿ, ಉಯಿಲು ಬರೆಸಿದ. ಅರ್ಧ ಅಣ್ಣ ರೀಜಿನ್‌ಗೆ, ಅರ್ಧ ಅಕ್ಕ ಮಾರ್ಥಾ ಮತ್ತು ಅವಳ ಗಂಡನಿಗೆ. ಅಲಮೋದಲ್ಲಿ ಕೊನೆಯ ದಿನಗಳಲ್ಲೂ ಅವನು ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದ.

ಪ್ರಸಿದ್ಧ ಬೋವಿ ಚಾಕು?

ಆ ಚಾಕು ಮೊದಲು ಮಾಡಿದ್ದು ನಾನು ಎಂದು ಅಣ್ಣ ರೀಜಿನ್ 1838ರಲ್ಲಿ ಪತ್ರಿಕೆಗೆ ಬರೆದ. 1827ರಲ್ಲಿ ನಾಚೆಜ್ ಹತ್ತಿರದ ಮರಳುದಿಬ್ಬದ ಹೊಡೆದಾಟದಿಂದ ಆ ಚಾಕುವಿಗೆ ಹೆಸರು ಬಂತು. ಇಷ್ಟು ಸಾಕು. ಚಾಕುವಿನ ಬಗ್ಗೆ ಮಾತಾಡುವವರು ಜಾಸ್ತಿ ಇದ್ದಾರೆ.

ಟ್ರಾವಿಸ್ ಏನು ಬಿಟ್ಟುಹೋದ?

ಸತ್ತಾಗ ಅವನಿಗೆ 26 ವರ್ಷ. ವೃತ್ತಿಯಲ್ಲಿ ವಕೀಲ. ಅಲಬಾಮಾದಲ್ಲಿ ಸಾಲ ಮಾಡಿಕೊಂಡು, ಹೆಂಡತಿ ಮಕ್ಕಳನ್ನು ಬಿಟ್ಟು, 1831ರಲ್ಲಿ ಟೆಕ್ಸಸ್‌ಗೆ ಬಂದವನು. ಸ್ಯಾನ್ ಫೆಲಿಪೆ ಎಂಬ ಊರಲ್ಲಿ ವಕೀಲಿಕೆ ಚೆನ್ನಾಗಿ ನಡೆಯಿತು. 1833-34ರಲ್ಲಿ ಅವನು ಇಟ್ಟ ದಿನಚರಿ ಇದೆ. ಅದನ್ನು ಓದಿದರೆ ಅರ್ಧ ಖರ್ಚಿನ ಪುಸ್ತಕದ ಥರವೇ ಕಾಣುತ್ತದೆ.

ಉಯಿಲಿನಲ್ಲಿ ಇಬ್ಬರು ಮಕ್ಕಳಿಗೂ ಸಮಪಾಲು. ಉಯಿಲು ಜಾರಿ ಮಾಡುವ ಕೆಲಸ ಗೆಳೆಯ ಜಾನ್ ಆರ್. ಜೋನ್ಸ್‌ಗೆ. ಆದರೆ ಟ್ರಾವಿಸ್‌ನ ಆಸ್ತಿಯ ಬಗ್ಗೆ ನನ್ನನ್ನು ಹಿಡಿದು ನಿಲ್ಲಿಸುವ ಕಾಗದ ಉಯಿಲಲ್ಲ. ಮಾರ್ಚ್ 3ರಂದು, ಸಾಯುವುದಕ್ಕೆ ಮೂರು ದಿನ ಮೊದಲು, ಮಗ ಚಾರ್ಲ್ಸ್‌ನನ್ನು ಇಟ್ಟುಕೊಂಡಿದ್ದ ಡೇವಿಡ್ ಏರ್ಸ್ ಎಂಬವನಿಗೆ ಅವನು ಒಂದು ಚೀಟಿ ಬರೆದ. ನನ್ನ ಪುಟ್ಟ ಮಗನನ್ನು ನೋಡಿಕೋ. ದೇಶ ಉಳಿದರೆ ಅವನಿಗೆ ದೊಡ್ಡ ಆಸ್ತಿ ಮಾಡಿಕೊಟ್ಟೇನು. ದೇಶ ಹೋಗಿ ನಾನೂ ಸತ್ತರೆ, ದೇಶಕ್ಕಾಗಿ ಸತ್ತವನ ಮಗ ಎಂಬ ಹೆಮ್ಮೆಯ ನೆನಪು ಬಿಟ್ಟು ಅವನಿಗೆ ಇನ್ನೇನೂ ಉಳಿಯುವುದಿಲ್ಲ. ಇದು ಅದರ ಸಾರ. ಆದದ್ದು ಮೂರನೆಯದು. ಅಪ್ಪ ಸತ್ತ, ದೇಶ ಉಳಿಯಿತು. ಚಾರ್ಲ್ಸ್ ಬೆಳೆದು ಸೈನ್ಯಕ್ಕೆ ಸೇರಿದ. 1856ರಲ್ಲಿ ಅಲ್ಲಿಂದ ವಜಾ ಆದ. 1860ರಲ್ಲಿ ಕ್ಷಯದಿಂದ ತೀರಿಕೊಂಡ.

ಪಟ್ಟಿಯಲ್ಲಿ ಮನುಷ್ಯರ ಹೆಸರೂ ಇರ್ತಿತ್ತು ಅಂತಾರೆ. ನಿಜವಾ?

ನಿಜ. ನಾನು ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ.

ಟೆಕ್ಸಸ್‌ನಲ್ಲಿ, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರ ಆಗಿನ ಯಾವುದೇ ಆಸ್ತಿ ಪಟ್ಟಿ ತೆಗೆದರೂ ಕುದುರೆ, ಹಾಸಿಗೆ, ಗಡಿಯಾರದ ಸಾಲಿನಲ್ಲೇ ಗುಲಾಮರ ಹೆಸರು, ವಯಸ್ಸು, ಬೆಲೆ ಸಿಗುತ್ತದೆ. ಬರೆಯುವವನ ಕೈ ಅಲ್ಲಿ ಒಂದು ಗಳಿಗೆಯೂ ನಿಂತ ಹಾಗೆ ಕಾಣುವುದಿಲ್ಲ. ಅದೇ ಅಕ್ಷರ, ಅದೇ ಶಾಯಿ.

ಟ್ರಾವಿಸ್ ಜೊತೆ ಅಲಮೋದಲ್ಲಿ ಜೋ ಎಂಬ ಗುಲಾಮ ಯುವಕ ಇದ್ದ. ವಯಸ್ಸಿನಲ್ಲಿ ಟ್ರಾವಿಸ್‌ಗಿಂತ ಸ್ವಲ್ಪ ಚಿಕ್ಕವನು. ಆ ಬೆಳಗಿನ ಜಾವ ಬಂದೂಕು ಹಿಡಿದು ಟ್ರಾವಿಸ್ ಹಿಂದೆ ಓಡಿದ. ಉತ್ತರದ ಗೋಡೆಯ ಹತ್ತಿರ ಟ್ರಾವಿಸ್ ಗುಂಡು ತಗುಲಿ ಬಿದ್ದದ್ದನ್ನು ಕಂಡ. ತಾನು ಒಂದು ಕೋಣೆ ಸೇರಿ ಅಲ್ಲಿಂದ ಗುಂಡು ಹಾರಿಸಿದ. ಎಲ್ಲ ಮುಗಿದ ಮೇಲೆ ಮೆಕ್ಸಿಕೋದ ಸೈನಿಕರು, ಕರಿಯರು ಯಾರಾದರೂ ಇದ್ದರೆ ಹೊರಗೆ ಬನ್ನಿ ಎಂದು ಕೂಗಿದಾಗ ಈಚೆ ಬಂದ. ಬಂದವನ ಮೇಲೂ ಒಂದು ಪಿಸ್ತೂಲಿನ ಗುಂಡು, ಒಂದು ಬಯೊನೆಟ್ ತಿವಿತ ಬಿತ್ತು. ಒಬ್ಬ ಕ್ಯಾಪ್ಟನ್ ತಡೆದದ್ದರಿಂದ ಉಳಿದ. ಸಾಂಟಾ ಆನಾ ಅವನನ್ನು ವಿಚಾರಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದು ಮಾರ್ಚ್ 20ರಂದು ಟೆಕ್ಸಸ್‌ನ ಹೊಸ ಸರ್ಕಾರದ ಮಂತ್ರಿಗಳ ಮುಂದೆ ಕಂಡದ್ದನ್ನೆಲ್ಲ ಹೇಳಿದ. ವಿಲಿಯಂ ಫೇರ್‌ಫ್ಯಾಕ್ಸ್ ಗ್ರೇ ಎಂಬವನು ಅದನ್ನು ಕೇಳಿ, ಜೋ ಎಷ್ಟು ವಿನಯದಿಂದ, ಎಷ್ಟು ಸ್ಪಷ್ಟವಾಗಿ ಹೇಳಿದ ಎಂದು ತನ್ನ ದಿನಚರಿಯಲ್ಲಿ ಬರೆದುಕೊಂಡ. ಟ್ರಾವಿಸ್ ಹೇಗೆ ಸತ್ತ ಎಂದು ಇವತ್ತು ನಮಗೆ ಗೊತ್ತಿರುವುದು ಜೋ ಹೇಳಿದ್ದರಿಂದ.

ಹೇಳಿ ಮುಗಿದ ಮೇಲೆ ಅವನನ್ನು ಎಲ್ಲಿಗೆ ಕಳಿಸಿದರು? ಟ್ರಾವಿಸ್‌ನ ಆಸ್ತಿಗೆ ವಾಪಸ್. ಒಡೆಯ ಸತ್ತರೂ ಆಸ್ತಿ ಸಾಯುವುದಿಲ್ಲ ಅಲ್ವಾ, ವಾರಸುದಾರರು ಇದ್ದಾರೆ, ಉಯಿಲು ಇದೆ. ಯುದ್ಧ ಕಂಡು ಬಂದು ಸಾಕ್ಷಿ ಹೇಳಿದವನು ಹೀಗೆ ಲೆಕ್ಕದ ಒಂದು ಬಾಬ್ತಾದ.

ಕ್ರಾಕೆಟ್‌ನ ಗಡಿಯಾರದ ಕಥೆ ಏನು?

ಡೇವಿಡ್ ಕ್ರಾಕೆಟ್ ಟೆನೆಸಿಯಿಂದ ಟೆಕ್ಸಸ್‌ಗೆ ಹೊರಟದ್ದು 1835ರ ನವೆಂಬರ್‌ನಲ್ಲಿ. ಅಮೆರಿಕದ ಕಾಂಗ್ರೆಸ್ ಸದಸ್ಯ ಆಗಿದ್ದವನು, ದೇಶಕ್ಕೆಲ್ಲ ಹೆಸರು ಗೊತ್ತಿದ್ದವನು. ಆದರೂ ಅರ್ಕಾನ್ಸಾದ ಲಾಸ್ಟ್ ಪ್ರೇರಿ ತಲುಪುವ ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲ. ಅಲ್ಲಿ ಐಸಾಕ್ ಜೋನ್ಸ್ ಎಂಬವನಿಗೆ ತನ್ನ ಹೆಸರು ಕೊರೆದಿದ್ದ ಗಡಿಯಾರ ಕೊಟ್ಟು, ಅವನ ಸಾಧಾರಣ ಗಡಿಯಾರವನ್ನೂ ಮೇಲೆ 30 ಡಾಲರನ್ನೂ ತಗೊಂಡ. ಕ್ರಾಕೆಟ್ ಅಲಮೋದಲ್ಲಿ ಸತ್ತ ಸುದ್ದಿ ತಿಳಿದ ಮೇಲೆ ಜೋನ್ಸ್ ಒಂದು ಕಾಗದ ಬರೆದು ಆ ಗಡಿಯಾರವನ್ನು ಅವನ ಹೆಂಡತಿ ಎಲಿಜಬೆತ್‌ಗೆ ಕಳಿಸಿಕೊಟ್ಟ. ಕೊಡಲೇಬೇಕು ಅನ್ನುವ ಕಾನೂನೇನೂ ಇರಲಿಲ್ಲ, ದುಡ್ಡು ಕೊಟ್ಟು ತಗೊಂಡದ್ದೇ. ಇಂಥ ವ್ಯವಹಾರ ಯಾವ ಆಸ್ತಿ ಪಟ್ಟಿಗೂ ಬರುವುದಿಲ್ಲ. ಆದ್ದರಿಂದ ಪಟ್ಟಿಯ ಜೊತೆ ಕಾಗದ ಪತ್ರಗಳನ್ನೂ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸರ್ಕಾರ ಕುಟುಂಬಗಳಿಗೆ ಏನೂ ಕೊಡಲಿಲ್ವಾ?

ಜಮೀನು ಕೊಟ್ಟಿತು. ಹೊಸ ದೇಶದ ಖಜಾನೆಯಲ್ಲಿ ಕಾಸಿರಲಿಲ್ಲ. ಇದ್ದದ್ದು ನೆಲ ಒಂದೇ. 1837ರ ಡಿಸೆಂಬರ್‌ನ ಕಾಯ್ದೆ ಪ್ರಕಾರ ಅಲಮೋದಲ್ಲಿ ಸತ್ತವರ ವಾರಸುದಾರರಿಗೆ 640 ಎಕರೆ. ಸೇವೆಯಲ್ಲಿ ಸತ್ತದ್ದಕ್ಕೆ ಅಂತ ಬೇರೆ ಜಮೀನೂ ಇತ್ತು.

ಕೇಳಲು ಚೆಂದ. ಆದರೆ ಸಿಕ್ಕುತ್ತಿದ್ದದ್ದು ಒಂದು ಹಕ್ಕುಪತ್ರ ಅಷ್ಟೇ. ಜಮೀನು ಎಲ್ಲಿದೆ ಎಂದು ಹುಡುಕಿ, ಸರ್ವೆ ಮಾಡಿಸಿ, ಕಚೇರಿಯಲ್ಲಿ ದಾಖಲು ಮಾಡಿಸುವುದು ಕುಟುಂಬದ ತಲೆಬಿಸಿ. ನಮ್ಮಲ್ಲಿ ದರಖಾಸ್ತು ಜಮೀನಿಗೆ ಓಡಾಡಿದವರಿಗೆ ಈ ಪಾಡು ಹೇಳಿಕೊಡಬೇಕಿಲ್ಲ. ದೂರದ ಊರಿನ ವಿಧವೆಯರು ಎಷ್ಟೋ ಜನ ಆ ಪತ್ರವನ್ನು ದಲ್ಲಾಳಿಗಳಿಗೆ ಪುಡಿಗಾಸಿಗೆ ಮಾರಿಬಿಟ್ಟರು. ಎಲಿಜಬೆತ್ ಕ್ರಾಕೆಟ್ 1850ರ ದಶಕದಲ್ಲಿ ಟೆಕ್ಸಸ್‌ಗೆ ಬಂದು ಗಂಡನ ಪಾಲಿನ ಜಮೀನಿನಲ್ಲಿ ನೆಲೆಸಿದಳು. ಅದರಲ್ಲೂ ಒಂದು ಪಾಲು ಸರ್ವೆಯವನಿಗೆ ಹೋಯಿತು. ಉಂಗುರ ಕೊರಳಿಗೆ ಹಾಕಿಸಿಕೊಂಡ ಮಗುವಿನ ತಾಯಿ ಸೂಸಾನಾ ಡಿಕಿನ್ಸನ್ 1836ರ ಅಕ್ಟೋಬರ್‌ನಲ್ಲಿ ಸರ್ಕಾರದ ಮುಂದೆ ಅರ್ಜಿ ಹಾಕಿದಳು. ಗಂಡನನ್ನು ಆ ಕೋಟೆಯಲ್ಲೇ ಕಳೆದುಕೊಂಡವಳು ಅವಳು. 500 ಡಾಲರ್ ಕೊಡುವ ಮಾತು ಬಂತು, ಮಂಜೂರಾಗಲಿಲ್ಲ.

ಈ ಕಾಗದಗಳು ಈಗ ಎಲ್ಲಿವೆ?

ಜಮೀನಿನ ಕಡತಗಳು ಆಸ್ಟಿನ್‌ನ ಜನರಲ್ ಲ್ಯಾಂಡ್ ಆಫೀಸಿನಲ್ಲಿ. ಕುದುರೆ, ಬಂದೂಕು, ದನದ ಮಾಂಸ ಕೊಟ್ಟಿದ್ದೇವೆ ಹಣ ಕೊಡಿ ಎಂದು ಜನ ಸರ್ಕಾರಕ್ಕೆ ಹಾಕಿದ ಬಿಲ್ಲುಗಳು ಅದೇ ಊರಿನ ಸ್ಟೇಟ್ ಲೈಬ್ರರಿಯಲ್ಲಿ. ಆಸ್ತಿ ಪಟ್ಟಿಗಳು ಆಯಾ ಕೌಂಟಿ ಕೋರ್ಟಿನ ದಾಖಲೆಗಳಲ್ಲಿ. ಎಲ್ಲವೂ ಉಳಿದಿಲ್ಲ. ಟ್ರಾವಿಸ್ ವಕೀಲಿಕೆ ಮಾಡುತ್ತಿದ್ದ ಸ್ಯಾನ್ ಫೆಲಿಪೆಯನ್ನು 1836ರ ಮಾರ್ಚ್ ಕೊನೆಯಲ್ಲಿ, ಶತ್ರುವಿನ ಕೈಗೆ ಸಿಗಬಾರದು ಎಂದು, ಟೆಕ್ಸಸ್‌ನವರೇ ಸುಟ್ಟರು. ಅದರ ಜೊತೆ ಎಷ್ಟು ಜನರ ಲೆಕ್ಕಪತ್ರ ಬೂದಿಯಾಯಿತೋ.

ಫೆಬ್ರವರಿ 24ರಂದು ಟ್ರಾವಿಸ್ ಕೋಟೆಯಿಂದ ಬರೆದ, ಗೆಲುವು ಇಲ್ಲವೇ ಸಾವು ಎಂದು ಮುಗಿಯುವ ಪ್ರಸಿದ್ಧ ಪತ್ರ ಅವನ ವಂಶಸ್ಥರ ಮನೆಯಲ್ಲಿತ್ತು. 1893ರಲ್ಲಿ ಅವರು ಅದನ್ನು ಟೆಕ್ಸಸ್ ಸರ್ಕಾರಕ್ಕೆ 85 ಡಾಲರ್‌ಗೆ ಮಾರಿದರು.

ಹೊಸಬರು ಇಂಥ ಪಟ್ಟಿ ಓದುವುದು ಹೇಗೆ?

ಬರೆದ ಕ್ರಮದಲ್ಲೇ ಓದಿ. ಬೆಲೆ ಕಟ್ಟುವವರು ಸಾಮಾನ್ಯವಾಗಿ ಮನೆಯೊಳಗೆ ನಡೆದಾಡುತ್ತಾ ಬರೆಸುತ್ತಾರೆ. ಹಾಸಿಗೆ ಆದಮೇಲೆ ಪೆಟ್ಟಿಗೆ, ಪೆಟ್ಟಿಗೆ ಆದಮೇಲೆ ಬಾಣಲೆ ಬಂತು ಅಂದರೆ ಅವರು ಅಡುಗೆ ಮನೆಗೆ ಹೋದರು ಅಂತ. ಹೀಗೆ ಓದುತ್ತಾ ಹೋದರೆ ಕಟ್ಟಡವೇ ಉಳಿಯದ ಮನೆಯ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಕಾಗುಣಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾರೆ, ಬಾಯಿಬಿಟ್ಟು ಓದಿದರೆ ತಿಳಿಯುತ್ತದೆ. ಪಟ್ಟಿಯ ಬೆಲೆಯನ್ನೂ ಹರಾಜಿನ ಬೆಲೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೊಂಡವರ ಹೆಸರು ಬಿಡಬೇಡಿ. ಎಷ್ಟೋ ಸಲ ವಿಧವೆ ತನ್ನದೇ ಮನೆಯ ಪಾತ್ರೆಯನ್ನು ಹರಾಜಿನಲ್ಲಿ ಕೂಗಿ ಕೊಂಡಿರುತ್ತಾಳೆ.

ನಮ್ಮ ಕಡೆ ಇಂಥ ದಾಖಲೆ ಇದೆಯಾ?

ಇದೆ. ಮದ್ರಾಸ್, ಬಂಗಾಳ, ಬಾಂಬೆ ಪ್ರೆಸಿಡೆನ್ಸಿಗಳಲ್ಲಿ ಸತ್ತ ಯುರೋಪಿಯನ್ನರ, ಅವರಲ್ಲಿ ಸೈನಿಕರೂ ಸೇರಿ, ಆಸ್ತಿ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. 1809ರಿಂದ ಬೆಂಗಳೂರು ದಂಡಿನಲ್ಲಿ ಮದ್ರಾಸ್ ಸೈನ್ಯದ ಪಡೆಗಳು ಇದ್ದುದರಿಂದ ಬೆಂಗಳೂರಿನ ಇತಿಹಾಸ ಹುಡುಕುವವರು ಅಲ್ಲಿ ನೋಡಬೇಕು. ಬ್ರಿಟಿಷ್ ಸೈನ್ಯದಲ್ಲಿ ಸತ್ತ ಸಿಪಾಯಿಯ ಕಿಟ್ಟನ್ನು ಜೊತೆಯವರ ನಡುವೆಯೇ ಹರಾಜು ಹಾಕಿ ಬಂದ ಹಣ ಮನೆಯವರಿಗೆ ಕಳಿಸುವ ಪದ್ಧತಿ ಇತ್ತು.

ಜೋ ಕೊನೆಗೆ ಏನಾದ?

1837ರ ಏಪ್ರಿಲ್ 21. ಟೆಕ್ಸಸ್ ಗೆದ್ದ ಸ್ಯಾನ್ ಜಸಿಂಟೋ ಯುದ್ಧಕ್ಕೆ ಸರಿಯಾಗಿ ಒಂದು ವರ್ಷ. ಆ ರಾತ್ರಿ ಜೋ ಒಬ್ಬ ಮೆಕ್ಸಿಕನ್ ಜೊತೆ, ಜೀನು ಲಗಾಮು ಸಮೇತ ಎರಡು ಕುದುರೆ ತಗೊಂಡು ಹೊರಟುಹೋದ. ಮೆಕ್ಸಿಕೋ ಗುಲಾಮಗಿರಿಯನ್ನು 1829ರಲ್ಲೇ ನಿಷೇಧಿಸಿತ್ತು. ಟೆಕ್ಸಸ್‌ನ ಹೊಸ ಸಂವಿಧಾನ ಮಾತ್ರ ಗುಲಾಮಗಿರಿಯನ್ನೇ ಗಟ್ಟಿ ಮಾಡಿತ್ತು.

ಮೇ 26ರಂದು ಟೆಲಿಗ್ರಾಫ್ ಅಂಡ್ ಟೆಕ್ಸಸ್ ರಿಜಿಸ್ಟರ್ ಪತ್ರಿಕೆಯಲ್ಲಿ, ಟ್ರಾವಿಸ್‌ನ ಉಯಿಲು ಜಾರಿ ಮಾಡುತ್ತಿದ್ದ ಜಾನ್ ಆರ್. ಜೋನ್ಸ್ ಕೊಟ್ಟ ಪ್ರಕಟಣೆ ಬಂತು. ಹಿಡಿದುಕೊಟ್ಟವರಿಗೆ 50 ಡಾಲರ್. ಟ್ರಾವಿಸ್‌ನ ಆಸ್ತಿಗೆ ಸೇರಿದವನು, ವಯಸ್ಸು ಸುಮಾರು 25, ಎತ್ತರ ಐದಡಿ ಹತ್ತು ಅಥವಾ ಹನ್ನೊಂದು ಅಂಗುಲ, ಹೋಗುವಾಗ ಹಾಕಿದ್ದು ಗಾಢ ಬಣ್ಣದ ಜಾಕೆಟ್, ಹೊಸ ಬಿಳಿ ಹತ್ತಿಯ ಪ್ಯಾಂಟು. ಅದೇ ಉಸಿರಿನಲ್ಲಿ ಕುದುರೆಯ ವಿವರ: ಕಂದು ಬಣ್ಣ, ಪೊದೆ ಪೊದೆಯಾದ ಕೇಸರ ಮತ್ತು ಬಾಲ, ಬೆನ್ನ ಮೇಲೆ ಹುಣ್ಣು. ಇವನು ಒಡೆಯನ ಜೊತೆ ಅಲಮೋದಲ್ಲಿದ್ದವನು ಎಂಬ ಮಾತೂ ಅದರಲ್ಲೇ ಇದೆ, ಗುರುತು ಹಿಡಿಯಲು ಅನುಕೂಲ ಆಗಲಿ ಅಂತ. ಜೋ ಹೇಗಿದ್ದ ಎಂದು ತಿಳಿಯಲು ನಮಗೆ ಇರುವ ಚಿತ್ರ ಇದು. ಅವನನ್ನು ಹಿಡಿಯಲು ಬರೆದದ್ದು.

ಪ್ರಕಟಣೆ ಮೂರು ತಿಂಗಳು ಬಂತು. 1837ರ ಆಗಸ್ಟ್ 26ಕ್ಕೆ ನಿಂತಿತು. 1865ರ ಜೂನ್ 19ರಂದು ಗುಲಾಮರೆಲ್ಲ ಸ್ವತಂತ್ರರು ಎಂದು ಟೆಕ್ಸಸ್‌ನಲ್ಲಿ ಸಾರಿದರು. ಅದಾಗಿ ಹತ್ತು ವರ್ಷಕ್ಕೆ, 1875ರಲ್ಲಿ, ಜೋ ಆಸ್ಟಿನ್‌ನಲ್ಲಿ ಕಾಣಿಸಿಕೊಂಡ ಎಂಬ ವರದಿ ಇದೆ.